ಮೂರು ನಿಮಿಷ ಯಾರದ್ದು?

ಆಫೀಸಲ್ಲಿ ಫೈರ್ ಅಲಾರಂ ಹೊಡ್ಕೊಂಡಾಗ ನೀವು ಮೊದಲು ಏನು ಮಾಡ್ತೀರಿ? ನಿಜ ಹೇಳಿ. ಎದ್ದು ಸೀದಾ ಮೆಟ್ಟಿಲ ಕಡೆ ಹೋಗ್ತೀರಾ? ಇಲ್ಲ ತಾನೆ. ತಲೆ ಎತ್ತಿ ಪಕ್ಕದವರ ಮುಖ ನೋಡ್ತೀರಿ. ಅವರೂ ನಿಮ್ಮ ಮುಖ ನೋಡ್ತಿರ್ತಾರೆ. "ಡ್ರಿಲ್ ಇರ್ಬೇಕು ಬಿಡು" ಅಂತ ಯಾರೋ ಅಂತಾರೆ. ಇನ್ಯಾರೋ ಹೆಡ್‌ಫೋನನ್ನ ಮತ್ತೆ ಕಿವಿಗೇರಿಸ್ತಾರೆ. ಅರ್ಧ ನಿಮಿಷದಲ್ಲಿ ಸದ್ದು ನಿಂತರೆ ಅಲ್ಲಿಗೆ ಮುಗೀತು, ಮೀಟಿಂಗ್ ಮುಂದುವರಿಯುತ್ತೆ.

ನಾನೂ ಹಾಗೇ ಮಾಡಿದ್ದೀನಿ. ಹೇಳ್ಕೊಳ್ಳೋಕೆ ಸ್ವಲ್ಪ ನಾಚಿಕೆ ಆಗುತ್ತೆ, ಯಾಕಂದ್ರೆ ಆ ಸದ್ದು ಯಾವಾಗ ಬರಬೇಕು, ಯಾವ ಮಹಡೀಲಿ ಬರಬೇಕು, ಎಷ್ಟು ಹೊತ್ತು ಬಿಟ್ಟು ಬರಬೇಕು ಅಂತ ಬರೆಯೋದೇ ನನ್ನ ಹೊಟ್ಟೆಪಾಡು.

ಕಮಿಷನಿಂಗ್ ಇಂಜಿನಿಯರ್ ಅಂತ ನನ್ನ ಕಾರ್ಡಿನಲ್ಲಿದೆ. ಕಟ್ಟಡ ಮುಗಿದು, ಬಣ್ಣದ ವಾಸನೆ ಇನ್ನೂ ಹೋಗಿರದಿದ್ದಾಗ, ಲ್ಯಾಪ್‌ಟಾಪ್ ಹಿಡ್ಕೊಂಡು ಸೆಕ್ಯುರಿಟಿ ರೂಮಿಗೆ ಹೋಗಿ, ಗೋಡೆ ಮೇಲಿನ ಕೆಂಪು ಪ್ಯಾನೆಲ್‌ಗೆ ಕೇಬಲ್ ಚುಚ್ಚಿ ಕೂರೋನು ನಾನು. ನಿಮ್ಮ ತಲೆ ಮೇಲೆ ಸೀಲಿಂಗಿನಲ್ಲಿ ಬೋರಲು ಹಾಕಿದ ಬಟ್ಟಲಿನ ಥರ ಕಾಣುತ್ತಲ್ಲ, ಅದು ಹೊಗೆ ಡಿಟೆಕ್ಟರ್. ಪ್ರತಿಯೊಂದಕ್ಕೂ ಮನೆ ನಂಬರಿನ ಹಾಗೆ ಒಂದು ವಿಳಾಸ: ಲೂಪ್ 3, ಡಿವೈಸ್ 47. ಅದಕ್ಕೆ ಹೊಗೆ ಕಂಡರೆ ಪ್ಯಾನೆಲ್‌ಗೆ ತಿಳಿಯುತ್ತೆ. ಆದರೆ ತಿಳಿದ ಮೇಲೆ ಏನು ಮಾಡಬೇಕು ಅನ್ನೋದು ಪ್ಯಾನೆಲ್‌ಗೆ ತಾನಾಗೇ ಗೊತ್ತಿರೋದಿಲ್ಲ. ಅದನ್ನ ಯಾರಾದರೂ ಬರೀಬೇಕು.

ಬರೆಯೋದು ಹೇಗೆ ಅಂದ್ರೆ, ಮೊದಲು ಒಂದು ಎಕ್ಸೆಲ್ ಶೀಟು. ಅದಕ್ಕೆ ಕಾಸ್ ಅಂಡ್ ಎಫೆಕ್ಟ್ ಅಂತೀವಿ. ಕಾರಣ, ಪರಿಣಾಮ ಅಂದ ಕೂಡಲೇ ಕರ್ಮಸಿದ್ಧಾಂತ ಅನ್ಕೋಬೇಡಿ, ಬಹಳ ಸಾದಾ ಸಂಗತಿ. ಎಡಗಡೆ ಸಾಲಾಗಿ ಕಾರಣಗಳು: ಈ ಮಹಡಿಯ ಡಿಟೆಕ್ಟರ್, ಆ ಲಿಫ್ಟ್ ಲಾಬಿಯ ಡಿಟೆಕ್ಟರ್, ಗಾಜು ಒಡೆಯೋ ಕೆಂಪು ಡಬ್ಬಿ, ಸ್ಪ್ರಿಂಕ್ಲರ್ ನೀರು ಹರಿದರೆ ಗೊತ್ತಾಗೋ ಸ್ವಿಚ್ಚು. ಮೇಲುಗಡೆ ಪರಿಣಾಮಗಳು: ಹೂಟರ್ ಕೂಗಬೇಕು, ಲಿಫ್ಟ್ ಕೆಳಗಿಳಿಯಬೇಕು, ಎಸಿ ಗಾಳಿ ನಿಲ್ಲಬೇಕು, ಮೆಟ್ಟಿಲ ಬಾವಿಗೆ ಗಾಳಿ ತುಂಬೋ ಫ್ಯಾನ್ ಓಡಬೇಕು, ಕಾರ್ಡ್ ತೋರಿಸಿದರೆ ಮಾತ್ರ ತೆಗೆಯೋ ಬಾಗಿಲುಗಳು ತಾವೇ ಬಿಟ್ಕೋಬೇಕು. ಇದಾದರೆ ಅದು ಅನ್ನೋ ಕಡೆಯಲ್ಲೆಲ್ಲ ಚೌಕದೊಳಗೆ ಒಂದು ಟಿಕ್ ಗುರುತು. ದೊಡ್ಡ ಟವರ್ ಆದರೆ ಸಾವಿರಾರು ಚೌಕ. ಆಮೇಲೆ ಅದನ್ನ ಸಾಫ್ಟ್‌ವೇರಿಗೆ ತುಂಬಿ ಪ್ಯಾನೆಲ್‌ಗೆ ಇಳಿಸೋದು.

ಈ ಚೌಕಗಳಲ್ಲಿ ಎಷ್ಟೋ ನಾವು ಯೋಚಿಸಿ ಹಾಕೋದಲ್ಲ. ಯಾವತ್ತೋ ಎಲ್ಲೋ ಜನ ಸತ್ತು, ಆಮೇಲೆ ನಿಯಮಕ್ಕೆ ಬಂದಿದ್ದು. 1980ರ ನವೆಂಬರಿನಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿಗೆ ಬೆಂಕಿ ಬಿತ್ತು. ಬೆಂಕಿ ಇದ್ದಿದ್ದು ನೆಲಮಹಡಿಯ ಕ್ಯಾಸಿನೋದಲ್ಲಿ. ಸತ್ತ 85 ಜನರಲ್ಲಿ ಹೆಚ್ಚಿನವರು ಇದ್ದಿದ್ದು ಮೇಲಿನ ಮಹಡಿಗಳಲ್ಲಿ. ಲಿಫ್ಟಿನ ಬಾವಿ, ಮೆಟ್ಟಿಲು, ಎಸಿ ಗಾಳಿಯ ದಾರಿ ಹಿಡಿದು ಹೊಗೆ ಅವರ ರೂಮಿಗೇ ಹೋಯಿತು. ಹೊಗೆ ಬಂದರೆ ಎಸಿ ಗಾಳಿ ನಿಲ್ಲಬೇಕು ಅನ್ನೋ ಚೌಕಕ್ಕೆ ಟಿಕ್ ಹಾಕುವಾಗ ನಾವ್ಯಾರೂ ಅವರನ್ನ ನೆನಪಿಸ್ಕೊಳ್ಳಲ್ಲ. ಬಾಗಿಲಿನ ಚೌಕವೂ ಹಾಗೇ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಹೊಗೆಯಲ್ಲಿ ಮುಳುಗಿದ್ದನ್ನ ಬೆಂಗಳೂರಿನವರು ಟಿವಿಯಲ್ಲಿ ನೋಡಿದ್ದಾರೆ. ನಾನೂ ನೋಡಿದ್ದೆ. ಕಿಟಕಿಯಿಂದ ಜನ ಹಾರಿದ್ದು ಇನ್ನೂ ಕಣ್ಣಿಂದ ಹೋಗಿಲ್ಲ. ಒಂಬತ್ತು ಜನ ಹೋದರು. ಹೊರಗೆ ಹೋಗೋ ದಾರಿಗಳು ತೆರೆದಿರಲಿಲ್ಲ ಅನ್ನೋದೇ ಆಮೇಲೆ ಎಲ್ಲರ ಬಾಯಲ್ಲಿದ್ದ ಮಾತು. ಸತ್ತವರ ಮನೆಯವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆಯನ್ನೇ ಕಟ್ಟಿದರು.

ಲಿಫ್ಟಿನ ಚೌಕ ನನಗೆ ಬಹಳ ಇಷ್ಟ, ಇಲ್ಲಿ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ಹೊಗೆ ಕಂಡರೆ ಲಿಫ್ಟ್ ಎಲ್ಲೂ ನಿಲ್ಲದೆ ಗ್ರೌಂಡ್ ಫ್ಲೋರಿಗೆ ಬಂದು ಬಾಗಿಲು ತೆಗೆದು ನಿಲ್ಲಬೇಕು. ಆದರೆ ಹೊಗೆ ಇರೋದೇ ಗ್ರೌಂಡ್ ಫ್ಲೋರಿನ ಲಾಬಿಯಲ್ಲಾದರೆ? ಆಗ ಬೇರೆ ಮಹಡಿಗೆ ಕಳಿಸಬೇಕು. ಜನರನ್ನ ಬೆಂಕಿಯ ಬಾಯಿಗೇ ಇಳಿಸಬಾರದಲ್ಲ. ಯಾರೋ ಪುಣ್ಯಾತ್ಮರು ಕೂತು, ಒಳಗಿರೋನಿಗೆ ಏನಾಗಬಹುದು ಅಂತ ಯೋಚಿಸಿದ್ದಾರೆ ಅನ್ನೋದಕ್ಕೆ ಆ ಒಂದು ಟಿಕ್ ಗುರುತೇ ಸಾಕ್ಷಿ.

ಈಗ ನನ್ನ ಚೌಕಕ್ಕೆ ಬರ್ತೀನಿ.

ಔಟರ್ ರಿಂಗ್ ರೋಡಿನಲ್ಲಿ ಹನ್ನೊಂದು ಮಹಡಿಯ ಒಂದು ಆಫೀಸ್ ಟವರ್. ನಾಲ್ಕನೇ ಮಹಡೀಲಿ ಕೆಫೆಟೀರಿಯಾ. ಕೆಫೆಟೀರಿಯಾದಲ್ಲಿ ಲೈವ್ ದೋಸೆ ಕೌಂಟರು. ಕಾವಲಿಗೆ ನೀರು ಚಿಮುಕಿಸಿದಾಗ ಏಳೋ ಆವಿ, ಎಣ್ಣೆ ಹೊಗೆ, ಎರಡೂ ಹೊರಗಿನ ಕಾರಿಡಾರಿನ ಡಿಟೆಕ್ಟರ್‌ಗೆ ಹೋಗಿ ಬಡಿಯೋದು. ಒಂದೇ ತಿಂಗಳಲ್ಲಿ ನಾಲ್ಕು ಸಲ ಹೂಟರ್ ಕೂಗಿ, ನಾಲ್ಕು ಸಲವೂ ಸುಮಾರು ಎರಡು ಸಾವಿರ ಜನ ಮೆಟ್ಟಿಲಿಳಿದು ಬಿಸಿಲಲ್ಲಿ ನಿಂತರು. ನಾಲ್ಕನೇ ಸಲ ನನಗೆ ಫೋನ್ ಬಂತು.

ಫೆಸಿಲಿಟಿ ಮ್ಯಾನೇಜರ್ ಮಂಡ್ಯ ಕಡೆಯವರು, ಐವತ್ತು ದಾಟಿದ್ದಾರೆ, ಕೂಗಾಡೋ ಪೈಕಿ ಅಲ್ಲ. "ಕೂತ್ಕೊಳಪ್ಪ," ಅಂತ ಕಾಫಿ ತರಿಸಿ ಶುರು ಮಾಡಿದರು. "ಹೋದ್ ವಾರ ಒಂದ್ ಹೆಣ್ಮಗ, ಏಳ್ ತಿಂಗ್ಳು ಬಸ್ರಿ, ಎಂಟ್ನೇ ಫ್ಲೋರಿಂದ ಇಳೀವಾಗ ಜಾರುದ್ಲು. ದೇವ್ರು ದೊಡ್ಡೋನು, ಏನೂ ಆಗ್ಲಿಲ್ಲ. ನೀನ್ ಹೇಳು, ಒಂದ್ ದ್ವಾಸೆಗೆ ಎರಡ್ ಸಾವ್ರ ಜನುನ್ನ ಇಳುಸ್ಬೇಕಾ? ಮೊದ್ಲು ನಮ್ ಗಾರ್ಡ್ ಹೋಗಿ ನೋಡ್ಕೊಂಡ್ ಬರ್ಲಿ. ನಿಜ ಆದ್ರೆ ಕೂಗ್ಲಿ."

ಇದು ಬೇಜವಾಬ್ದಾರಿ ಮಾತು ಅಂತ ನಿಮಗನ್ನಿಸಿದರೆ ಸ್ವಲ್ಪ ತಡೀರಿ. ಸುಳ್ಳು ಅಲಾರಮ್ಮಿಗೂ ಬೆಲೆ ಇದೆ, ಮತ್ತೆ ಅದನ್ನ ತೆರೋದು ನಿಜವಾದ ಅಲಾರಂ ಬಂದ ದಿನ. ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ 2000ದ ಜನವರಿ 19ರ ಬೆಳಗಿನ ಜಾವ ಬೆಂಕಿ ಬಿತ್ತು. ಅದಕ್ಕೆ ಹಿಂದಿನ ಕೆಲವೇ ತಿಂಗಳಲ್ಲಿ ಅಲ್ಲಿ 18 ಸುಳ್ಳು ಅಲಾರಂ ಆಗಿದ್ದವು. ಆ ರಾತ್ರಿ ಅಲಾರಂ ಸರಿಯಾಗೇ ಕೂಗಿತು, ಎಷ್ಟೋ ಹುಡುಗರು ಮಗ್ಗುಲು ಬದಲಾಯಿಸಿ ಮಲಗಿದರು. ಮೂವರು ಸತ್ತರು. ತೋಳ ಬಂತು ತೋಳ ಕಥೆಯಲ್ಲಿ ತಪ್ಪು ಹುಡುಗನದು. ಇಲ್ಲಿ ಡಿಟೆಕ್ಟರ್ ಸುಳ್ಳು ಹೇಳೋದಿಲ್ಲ ಪಾಪ, ಅದಕ್ಕೆ ದೋಸೆಗೂ ಬೆಂಕಿಗೂ ವ್ಯತ್ಯಾಸ ಗೊತ್ತಾಗಲ್ಲ ಅಷ್ಟೆ. ಸುಳ್ಳಾಗಿಸೋದು ಅದರ ಮಾತನ್ನ ಸೀದಾ ಹೂಟರಿಗೆ ಜೋಡಿಸಿದ ನಾವು.

ಹಾಗಾಗಿ ಮ್ಯಾನೇಜರ್ ಕೇಳಿದ್ದಕ್ಕೆ ನಿಯಮದಲ್ಲೇ ಜಾಗ ಇದೆ. ವಿದೇಶಿ ಕಂಪನಿಗಳು ಬಾಡಿಗೆಗಿರೋ ಕಟ್ಟಡಗಳಲ್ಲಿ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಜೊತೆಗೆ ಅಮೆರಿಕದ ಎನ್‌ಎಫ್‌ಪಿಎ 72 ಅನ್ನೋ ನಿಯಮಾವಳಿಯನ್ನೂ ಪಾಲಿಸಬೇಕು ಅಂತ ಕೇಳೋದು ಮಾಮೂಲಿ. ಅದು ಹೇಳೋದು ಹೀಗೆ: ಡಿಟೆಕ್ಟರ್‌ನಿಂದ ಸಂಕೇತ ಬಂದ ಮೇಲೆ ಪ್ಯಾನೆಲ್ ಹತ್ತಿರ ಇರೋ ತರಬೇತಾದ ವ್ಯಕ್ತಿ 15 ಸೆಕೆಂಡಿನೊಳಗೆ ಒಂದು ಬಟನ್ ಒತ್ತಬೇಕು. ಒತ್ತಿದರೆ, ಹೋಗಿ ನೋಡಿ ಬರೋಕೆ ಹೆಚ್ಚೆಂದರೆ 180 ಸೆಕೆಂಡು. ಸುಮ್ಮನೆ ಆಗಿದ್ದಾದರೆ ಅಷ್ಟರೊಳಗೆ ರೀಸೆಟ್ ಮಾಡಬಹುದು. ಒತ್ತಲಿಲ್ಲವೋ, ಟೈಮ್ ಮುಗೀತೋ, ಇನ್ನೊಂದು ಡಿಟೆಕ್ಟರ್ ಕೂಡ ಕಂಡೆ ಅಂತೋ, ಆ ಕ್ಷಣವೇ ಎಲ್ಲ ಹೂಟರೂ ಕೂಗಬೇಕು. ನೋಡೋಕೆ ಬುದ್ಧಿವಂತ ಏರ್ಪಾಡು. ಯಂತ್ರಕ್ಕೆ ಅನುಮಾನ ಬರುತ್ತೆ, ಮನುಷ್ಯ ಹೋಗಿ ನೋಡ್ತಾನೆ.

ನಾನು ಒಪ್ಪಿದೆ. ಅವರು ಲೆಟರ್‌ಹೆಡ್ಡಿನಲ್ಲಿ ಬರೆದು ಸೈನ್ ಮಾಡಿದರು. ಆ ಶುಕ್ರವಾರ ಸಂಜೆ ಆರು ಗಂಟೆಗೆ ಸೆಕ್ಯುರಿಟಿ ರೂಮಿನಲ್ಲಿ ಕೂತು ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ ಡಿಲೇ ಅನ್ನೋ ಕಡೆ 180 ಅಂತ ಹೊಡೆದೆ. ಎಲ್ಲ ಹನ್ನೊಂದು ಮಹಡಿಗೂ, ದಿನದ ಇಪ್ಪತ್ತನಾಲ್ಕು ಗಂಟೆಗೂ.

ಒಂದು ವಿಷಯ ನನಗೆ ಆವತ್ತೇ ಗೊತ್ತಿತ್ತು. ಹಗಲಿಗೊಂದು ರಾತ್ರಿಗೊಂದು ಅಂತ ಬೇರೆ ಬೇರೆ ಮಾಡೋಕೆ ಆಗುತ್ತೆ. ಹಗಲು ಐದಾರು ಗಾರ್ಡ್ ಇರ್ತಾರೆ, ವಾಕಿಟಾಕಿ ಇರುತ್ತೆ, ಮೂರು ನಿಮಿಷದಲ್ಲಿ ಯಾವ ಮಹಡಿಗಾದರೂ ಹೋಗಿ ನೋಡಬಹುದು. ರಾತ್ರಿ ಅಲ್ಲಿ ಒಬ್ಬನೇ. ಹಾಗಾಗಿ ರಾತ್ರಿಗೆ ಡಿಲೇ ತೆಗೆದು, ಸೀದಾ ಕೂಗೋ ಹಾಗೆ ಬರೀಬೇಕು. ಅರ್ಧ ಗಂಟೆ ಕೆಲಸ, ಜೊತೆಗೆ ಇನ್ನೊಂದು ಸಲ ಟೆಸ್ಟಿಂಗು, ಇನ್ನೊಂದು ಸೈನು. ಅವರು ಅದನ್ನ ಕೇಳಿರಲಿಲ್ಲ. ಆರೂವರೆ ಆಗಿತ್ತು, ಸಿಲ್ಕ್ ಬೋರ್ಡ್ ದಾಟಬೇಕಿತ್ತು. ಸೋಮವಾರ ನೋಡೋಣ ಅಂತ ಲ್ಯಾಪ್‌ಟಾಪ್ ಮುಚ್ಚಿದೆ.

ಆ ಸೋಮವಾರ ಬಂದಿದ್ದು ಹದಿನಾಲ್ಕು ತಿಂಗಳ ಮೇಲೆ, ಸರ್ವಿಸ್ ವಿಸಿಟ್ ಹೆಸರಲ್ಲಿ.

ಪ್ಯಾನೆಲ್ ಎಲ್ಲವನ್ನೂ ನೆನಪಿಟ್ಕೊಂಡಿರುತ್ತೆ, ಗಂಟೆ ನಿಮಿಷ ಸೆಕೆಂಡಿನ ಸಮೇತ. ಲಾಗ್ ಇಳಿಸ್ಕೊಂಡು ಸುಮ್ಮನೆ ಕೆಳಗೆ ಉರುಳಿಸ್ತಿದ್ದೆ. ಏಳನೇ ಮಹಡಿ, ಒಂದು ಡಿಟೆಕ್ಟರ್, ರಾತ್ರಿ 2:41. ಒಂಬತ್ತು ಸೆಕೆಂಡಿಗೆ ಬಟನ್ ಒತ್ತಿದ್ದಾರೆ. ಅಲ್ಲಿಂದ ಇಪ್ಪತ್ತು ಸೆಕೆಂಡಿಗೆ ರೀಸೆಟ್. ಇಪ್ಪತ್ತು ಸೆಕೆಂಡಿನಲ್ಲಿ ಏಳನೇ ಮಹಡಿಗೆ ಹೋಗಿ ಬರೋಕೆ ಆಂಜನೇಯನಿಗೂ ಆಗಲ್ಲ. ಮತ್ತೆ ಹುಡುಕಿದೆ. ಒಂಬತ್ತನೇ ಮಹಡಿ, 11:15. ಹನ್ನೆರಡು ಸೆಕೆಂಡಿಗೆ ರೀಸೆಟ್. ಇಂಥವು ಒಟ್ಟು ಮೂರು ಇದ್ದವು, ಮೂರೂ ರಾತ್ರಿಯವು. ಯಾರೂ ಮೇಲೆ ಹೋಗಿಲ್ಲ.

ರಾತ್ರಿ ಪಾಳಿಯ ಹುಡುಗನನ್ನ ಕೇಳಿದೆ. ರಾಯಚೂರು ಕಡೆಯವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಹೆದರಿಬಿಟ್ಟ. "ಗೇಟ್ ಬಿಟ್ಟು ಹೋದ್ರ ಸೂಪರ್‌ವೈಸರ್ ಫೈನ್ ಹಾಕ್ತಾರ್ರಿ ಸರ್. ಬೀಪ್ ಬೀಪ್ ಅಂದ್ರ ಇದನ್ನೊಮ್ಮಿ, ಆಮ್ಯಾಲ ಇದನ್ನೊಮ್ಮಿ ಒತ್ತು, ನಿಂತು ಹೋಗ್ತದ ಅಂತ ಡೇ ಶಿಫ್ಟಿನವರು ಹೇಳ್ಯಾರ್ರಿ." ಪಾಸ್‌ವರ್ಡ್ ಎಲ್ಲಿಂದ ಬಂತು ಅಂದೆ. ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿದ್ದ ಚೀಟಿ ತೋರಿಸಿದ. ಅದರ ಮೇಲಿದ್ದಿದ್ದು ನನ್ನ ಕೈಬರಹ.

ನಿಯಮದಲ್ಲಿ 'ತರಬೇತಾದ ವ್ಯಕ್ತಿ' ಅಂತಿತ್ತಲ್ಲ, ಅದು ಈ ಹುಡುಗ. ತರಬೇತಿ ಅಂದರೆ ಆ ಚೀಟಿ.

ಈಗ ನೀವು ಕೇಳಬಹುದು, ಏನಾದರೂ ಆಯ್ತಾ? ಇಲ್ಲ. ಏನೂ ಆಗಲಿಲ್ಲ. ಒಂದು ಎಸಿ ರಿಪೇರಿಯ ಧೂಳು, ಉಳಿದೆರಡು ಯಾಕೆ ಅಂತಲೂ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಜೊತೆಯವನಿಗೆ ಹೇಳಿದಾಗ ಅವನಂದ: "ಏನೂ ಆಗಿಲ್ವಲ್ಲ ಗುರು, ಯಾಕೆ ತಲೆ ಕೆಡಿಸ್ಕೊತೀಯ? ನಿಜವಾದ ಬೆಂಕಿ ಆಗಿದ್ರೆ ಪಕ್ಕದ ಡಿಟೆಕ್ಟರೂ ಹೊಡ್ಕೊಂಡು ಹೂಟರ್ ತಾನೇ ಕೂಗ್ತಿತ್ತು." ಅವನ ಮಾತಲ್ಲಿ ನ್ಯಾಯ ಇದೆ. ಬಯಲು ಹಾಲ್ ಆಗಿದ್ದರೆ ಹಾಗೇ ಆಗೋದು. ಆದರೆ ಒಂಬತ್ತನೇ ಮಹಡಿ ಪೂರ್ತಿ ಕ್ಯಾಬಿನ್‌ಗಳು, ಬಾಗಿಲು ಮುಚ್ಚಿದ ರೂಮುಗಳು. ಎರಡನೇ ಡಿಟೆಕ್ಟರ್ ಇರೋದು ಇನ್ನೊಂದು ಗೋಡೆಯ ಆಚೆ. ಹೊಗೆ ಅಲ್ಲಿಗೆ ಹೋಗೋದು ಈ ರೂಮು ತುಂಬಿದ ಮೇಲೆ.

ತತ್ವಶಾಸ್ತ್ರದವರು ಇದನ್ನ ನೈತಿಕ ಅದೃಷ್ಟ ಅನ್ನೋ ಹೆಸರಿನಲ್ಲಿ ಚರ್ಚೆ ಮಾಡಿದ್ದಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇಬ್ಬರೂ ಅದೇ ಹೆಸರಿನ ಲೇಖನ ಬರೆದರು. ನೇಗಲ್ ಕೊಡೋ ಉದಾಹರಣೆಯಲ್ಲಿ ಒಬ್ಬ ಲಾರಿ ಡ್ರೈವರ್ ಬ್ರೇಕ್ ಚೆಕ್ ಮಾಡಿಸಿಲ್ಲ. ಮಗು ಅಡ್ಡ ಬಂದರೆ ಅವನು ಜನ್ಮವಿಡೀ ಕೊರಗ್ತಾನೆ, ಲೋಕವೂ ಬೈಯುತ್ತೆ. ಮಗು ಅಡ್ಡ ಬರದಿದ್ದರೆ ಅವನು ಮನೆಗೆ ಹೋಗಿ ಊಟ ಮಾಡಿ ಮಲಗ್ತಾನೆ. ಅವನು ಮಾಡಿದ ತಪ್ಪು ಎರಡರಲ್ಲೂ ಅಷ್ಟೇ, ಮಗು ಬರೋದು ಬಿಡೋದು ಅವನ ಕೈಲಿಲ್ಲ. ನಮ್ಮೂರಲ್ಲಿ ಇದಕ್ಕೆ 'ಹಿರಿಯರ ಪುಣ್ಯ' ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ನನಗೂ ಹಾಗೆ ಅಂದ್ಕೊಂಡು ಮಲಗಬಹುದಿತ್ತು.

ಮಲಗೋಕೆ ಬಿಡದಿದ್ದದ್ದು ಬೆಂಕಿಯ ಯೋಚನೆ ಅಲ್ಲ, ಲೆಕ್ಕ. ಮ್ಯಾನೇಜರ್ ಜೊತೆ ಆವತ್ತು ಮಾತಾಡಿದಾಗ ನಮ್ಮಿಬ್ಬರ ತಲೇಲಿ ಇದ್ದಿದ್ದು ಆ ಎರಡು ಸಾವಿರ ಜನ. ಅವರಿಗೆ ಸುಮ್ಮಸುಮ್ಮನೆ ಮೆಟ್ಟಿಲಿಳಿಯೋ ಕಷ್ಟ ತಪ್ಪಬೇಕು, ಅದಕ್ಕೆ ಬದಲಾಗಿ ನಿಜವಾದ ಬೆಂಕಿಯಲ್ಲಿ ಅವರು ಮೂರು ನಿಮಿಷ ತಡವಾಗಿ ತಿಳಿಯೋ ಅಪಾಯ ಹೊರಬೇಕು. ಸುಖವೂ ಅವರದೇ, ಅಪಾಯವೂ ಅವರದೇ. ಆ ಮಟ್ಟಿಗೆ ಅದು ನ್ಯಾಯವಾದ ವ್ಯಾಪಾರ. ಅವರನ್ನ ಕೇಳಿದ್ದರೆ ಬಹುಶಃ ಹೂಂ ಅಂತಿದ್ದರು. ನಾನಾದರೂ ಅಂತಿದ್ದೆ.

ರಾತ್ರಿ ಒಂಬತ್ತಾದ ಮೇಲೆ ಆ ಜನ ಇರೋದಿಲ್ಲ. ಇರೋದು ಹೌಸ್‌ಕೀಪಿಂಗಿನ ಏಳೆಂಟು ಹೆಂಗಸರು, ಸರ್ವರ್ ರೂಮಿನ ಒಬ್ಬನೋ ಇಬ್ಬರೋ. ರಾತ್ರಿ ದೋಸೆ ಕೌಂಟರ್ ಮುಚ್ಚಿರುತ್ತೆ, ಸುಳ್ಳು ಅಲಾರಮ್ಮಿನ ಕಾಟವೇ ಇಲ್ಲ. ಅಂದರೆ ಈ ಡಿಲೇಯಿಂದ ಅವರಿಗೆ ಸಿಗೋ ಸುಖ ಸೊನ್ನೆ. ಅಪಾಯ ಮಾತ್ರ ಪೂರ್ತಿ ಅವರದು. ಹಗಲಿನವರ ಊಟದ ಹೊತ್ತು ಹಾಳಾಗದಿರಲಿ ಅಂತ ರಾತ್ರಿಯವರ ಮೂರು ನಿಮಿಷ ಎತ್ತಿ ಕೊಟ್ಟಿದ್ದೆ. ಅದು ನನ್ನದಾಗಿರಲಿಲ್ಲ, ಮ್ಯಾನೇಜರದ್ದೂ ಅಲ್ಲ. ಯಾರದ್ದೋ ಅವರನ್ನ ಒಂದು ಮಾತು ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ, ಎಕ್ಸೆಲ್ ಶೀಟಿನಲ್ಲಿ ಅವರ ಸಾಲು ಇಲ್ಲವಲ್ಲ.

ಇನ್ನೊಂದು. ಅನುಮಾನ ಯಾರ ಪಾಲಿಗೆ ಅನ್ನೋದನ್ನೂ ನಾನೇ ಹಂಚಿಬಿಟ್ಟಿದ್ದೆ. ಮೊದಲಿದ್ದ ಹಾಗಿದ್ದರೆ, ಇದು ನಿಜವೋ ಸುಳ್ಳೋ ಅನ್ನೋ ಅನುಮಾನ ಒಂಬತ್ತನೇ ಮಹಡೀಲಿ ನಿಂತವರಿಗೇ ಬರೋದು. ಅವರು ಮೂಗಿಗೆ ವಾಸನೆ ಬಡಿಯುತ್ತಾ ನೋಡಬಹುದು, ಕಾರಿಡಾರಿಗೆ ಇಣುಕಬಹುದು, ಯಾಕೆ ಬೇಕು ಅಂತ ಇಳಿದೂ ಬಿಡಬಹುದು. ನನ್ನ 180 ಆ ಅನುಮಾನವನ್ನ ಅವರಿಂದ ಕಿತ್ತು, ಹಾಗೆಲ್ಲ ನೋಡೋಕೆ ಸಾಧ್ಯವೇ ಇಲ್ಲದ ಕೆಳಗಿನ ಹುಡುಗನಿಗೆ ಕೊಟ್ಟಿತು. ಅವನೋ ಗೇಟಿನ ಫೈನಿಗೆ ಹೆದರಿದವನು. ಅವನ ಮೇಲೆ ತಪ್ಪು ಹೊರಿಸೋದು ಎಷ್ಟು ಸುಲಭ ಗೊತ್ತಾ? ಲಾಗ್‌ನಲ್ಲಿ ಇಪ್ಪತ್ತು ಸೆಕೆಂಡಿಗೆ ರೀಸೆಟ್ ಅಂತ ಸಾಕ್ಷಿಯೂ ಇದೆ. ನಾನು ಸೋಮವಾರ ನೋಡೋಣ ಅಂದಿದ್ದು ಮಾತ್ರ ಯಾವ ಲಾಗ್‌ನಲ್ಲೂ ಇಲ್ಲ.

ಮ್ಯಾನೇಜರ್ ಹತ್ತಿರ ಹೋಗೋ ಮುಂಚೆ ಮನಸ್ಸಲ್ಲೇ ವಾದ ಎಲ್ಲ ಜೋಡಿಸ್ಕೊಂಡಿದ್ದೆ. ಒಪ್ಪಲ್ಲ, ಮತ್ತೆ ಕಿರಿಕಿರಿ ಅಂತಾರೆ ಅಂತಲೇ ನನ್ನ ಲೆಕ್ಕ. ಅವರು ಪೂರ್ತಿ ಕೇಳಿಸ್ಕೊಂಡರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ರಾತ್ರಿಗ್ ಬ್ಯಾರೆ ಮಾಡಕ್ಕಾಯ್ತದೆ ಅಂತ ಆವತ್ತೇ ಹೇಳಿದ್ರೆ ಆವತ್ತೇ ಸೈನ್ ಹಾಕ್ತಿದ್ನಲ್ಲಪ್ಪ," ಅಂದರು. ನನ್ನ ಹತ್ತಿರ ಇದ್ದ ವಾದ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಅದೇ ವಾರ ಬದಲಾಯಿಸಿದೆ. ರಾತ್ರಿ ಎಂಟರಿಂದ ಬೆಳಗ್ಗೆ ಏಳರ ತನಕ, ಶನಿವಾರ ಭಾನುವಾರ ಪೂರ್ತಿ, ಡಿಲೇ ಇಲ್ಲ. ಕೆಫೆಟೀರಿಯಾ ಹೊರಗಿನ ಡಿಟೆಕ್ಟರ್ ತೆಗೆದು ಹೊಗೆ, ಶಾಖ ಎರಡೂ ನೋಡೋ ಥರದ್ದು ಹಾಕಿಸಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ಚೀಟಿ ಕಿತ್ತು ಹಾಕಿದೆ. ಗೇಟಿನ ಫೈನ್ ವಿಷಯ ಮ್ಯಾನೇಜರ್ ಮಾತಾಡ್ತೀನಿ ಅಂದಿದ್ದಾರೆ, ಅದು ಎಲ್ಲಿಗೆ ಬಂತೋ ಇನ್ನೂ ವಿಚಾರಿಸಿಲ್ಲ.

ಟೆಸ್ಟಿಂಗ್ ರಾತ್ರಿಯೇ ಮಾಡಬೇಕಿತ್ತು. ಹನ್ನೊಂದು ಗಂಟೆಗೆ ಒಂಬತ್ತನೇ ಮಹಡೀಲಿ ಏಣಿ ಹತ್ತಿ ನಮ್ಮ ಹುಡುಗ ಡಿಟೆಕ್ಟರ್‌ಗೆ ಟೆಸ್ಟ್ ಸ್ಪ್ರೇ ಹೊಡೆದ. ಕೆಳಗೆ ನಾನು ವಾಚ್ ಹಿಡ್ಕೊಂಡು ನಿಂತಿದ್ದೆ. ತಕ್ಷಣ ಹೂಟರ್ ಕೂಗಿತು, ಬಾಗಿಲ ಮ್ಯಾಗ್ನೆಟ್‌ಗಳು ಟಕ್ ಟಕ್ ಅಂತ ಬಿಟ್ಟವು, ಲಿಫ್ಟುಗಳೆಲ್ಲ ಬಂದು ಬಾಯಿ ತೆರೆದು ನಿಂತವು. ಟೆಸ್ಟಿಂಗ್ ಇದೆ ಅಂತ ಮ್ಯಾನೇಜರಿಗೆ, ಸೆಕ್ಯುರಿಟಿ ಏಜೆನ್ಸಿಗೆ, ಸರ್ವರ್ ರೂಮಿನವರಿಗೆ ಮೇಲ್ ಹಾಕಿದ್ದೆ.

ಐದು ನಿಮಿಷ ಕಳೆದ ಮೇಲೆ ಮೆಟ್ಟಿಲ ಬಾಗಿಲಿನಿಂದ ಒಬ್ಬರು ಅಮ್ಮ ಬಂದರು. ನೀಲಿ ಏಪ್ರನ್ನು, ಕೈಯಲ್ಲಿ ಇನ್ನೂ ಒದ್ದೆ ಮಾಪ್. ಒಂಬತ್ತು ಮಹಡಿ ಇಳಿದು ಏದುಸಿರು ಬಿಡ್ತಿದ್ದರು. ಹಿಂದೆ ಇನ್ನಿಬ್ಬರು. ಅವರಿಗೆ ಮೇಲ್ ಐಡಿ ಇರೋದಿಲ್ಲ ಅನ್ನೋದು ಆಗ ಹೊಳೀತು.

"ಬೆಂಕಿನಾ ಸಾರ್?"

"ಇಲ್ಲಮ್ಮ, ಟೆಸ್ಟಿಂಗು. ಹೇಳ್ಬೇಕಿತ್ತು, ತಪ್ಪಾಯ್ತು."

ಅವರು ಸೀಲಿಂಗಿನ ಹೂಟರ್ ಕಡೆ ನೋಡಿದರು. "ಎರಡ್ ವರ್ಸ ಆಯ್ತು ನಾನ್ ಇಲ್ಲಿಗ್ ಬಂದು. ರಾತ್ರಿ ಒಂದಪನೂ ಕೂಗಿಲ್ಲ ಇದು. ಬೆಳಗಿನೋರ್ಗೆ ಮಾತ್ರ ಇರೋದೇನೋ ಅನ್ಕೊಂಡಿದ್ದೆ," ಅಂದರು. ಆಮೇಲೆ ಮಾಪನ್ನ ಗೋಡೆಗೆ ಒರಗಿಸಿ, ಸೆರಗಲ್ಲಿ ಮುಖ ಒರೆಸ್ಕೊಂಡು, "ಲಿಫ್ಟ್ ಬುಡಿ ಸಾರ್, ಮೇಲೆ ಇನ್ನೂ ಎರಡ್ ಬಾತ್‌ರೂಮ್ ಬಾಕಿ ಐತೆ."

ನಾನು ಪ್ಯಾನೆಲ್ ರೀಸೆಟ್ ಮಾಡೋಕೆ ಓಡಿದೆ.